ಪಕ್ಕದ ಹಲ್ಲಿಗೆ ಹೊಂದುವ ಕ್ಯಾಪ್: ಶಿರಸಿಯ ಅಕ್ಕೋರಿಗೆ ಉತ್ತರ

ಪ್ರಶ್ನೆ: ನಾನು ಶಿರಸಿ ಹತ್ತಿರದ ಒಂದು ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 46. ಮೇಲಿನ ಎರಡು ಮುಂದಿನ ಹಲ್ಲುಗಳಲ್ಲಿ ಬಲಗಡೆಯದಕ್ಕೆ 12 ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡಿದ್ದೆ. ಈಗ ಅದರ ಬುಡದಲ್ಲಿ ಕಪ್ಪು ಗೆರೆ ಕಾಣುತ್ತಿದೆ. ಕ್ಯಾಪು ಸುಣ್ಣ ಬಳಿದ ಹಾಗೆ ಬೇರೆಯಾಗಿಯೇ ಕಾಣುತ್ತದೆ. ಅದರ ಪಕ್ಕದ ಚಿಕ್ಕ ಹಲ್ಲು ಬೇರಿನವರೆಗೆ ಸೀಳಿದೆ, ತೆಗೆಯಲೇಬೇಕು ಎಂದಿದ್ದಾರೆ. ಕ್ಯಾಪಿನ ಹಲ್ಲು ಮತ್ತು ಕೋರೆಹಲ್ಲನ್ನು ಹಿಡಿದು ಮೂರು ಹಲ್ಲಿನ ಬ್ರಿಜ್ ಮಾಡಬಹುದಂತೆ. ಜಿರ್ಕೋನಿಯಾ ಹಾಕಿಸಿದರೆ ಸ್ವಂತ ಹಲ್ಲಿನ ಹಾಗೆ ಕಾಣುತ್ತದೆಯೇ? ಬಣ್ಣ ಸ್ವಲ್ಪ ಬೆಳ್ಳಗಿರುವುದನ್ನೇ ಆರಿಸಲೇ? ಮಾರಿಕಾಂಬಾ ಜಾತ್ರೆಗೆ ಒಂದೂವರೆ ತಿಂಗಳಿದೆ. ಅಷ್ಟರಲ್ಲಿ ಮುಗಿಯುತ್ತದೆಯೇ? ಮಕ್ಕಳ ಎದುರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ರೂಢಿಯಾಗಿಬಿಟ್ಟಿದೆ.

ಉತ್ತರ: ಅಕ್ಕೋರೇ, ನಿಮ್ಮ ಕೊನೆಯ ಸಾಲು ಓದಿ ಮನಸ್ಸಿಗೆ ತಾಗಿತು. ಕಾರವಾರದ ನಮ್ಮ ಕ್ಲಿನಿಕ್ಕಿಗೆ ಬರುವವರಲ್ಲೂ ಹೀಗೆ ಕೈ ಅಡ್ಡ ಹಿಡಿದೇ ಮಾತಾಡುವವರು ಇದ್ದಾರೆ. ಇದು ಸರಿಯಾಗುವ ತೊಂದರೆಯೇ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಮುಂದಿನ ಹಲ್ಲನ್ನು ಅದರ ಜೋಡಿಗೆ ಹೊಂದಿಸುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಆರು ಹಲ್ಲಿಗೆ ಒಟ್ಟಿಗೆ ಕ್ಯಾಪ್ ಮಾಡುವುದು ಅದಕ್ಕಿಂತ ಸುಲಭ. ಆರೂ ಹೊಸದಾದರೆ ಹೋಲಿಸಲು ಪಕ್ಕದಲ್ಲೇ ಒಂದು ಅಸಲಿ ಇರುವುದಿಲ್ಲ. ನಿಮ್ಮ ಬಾಯಲ್ಲಿ ಇದೆ. ನೋಡುವವರ ಕಣ್ಣು ಎಡ ಬಲ ಎರಡನ್ನೂ ಒಂದೇ ಕ್ಷಣದಲ್ಲಿ ತೂಗಿಬಿಡುತ್ತದೆ.

ಮೊದಲು ಆ ಕಪ್ಪು ಗೆರೆ. ನಿಮ್ಮದು ಮೆಟಲ್ ಸೆರಾಮಿಕ್ ಕ್ಯಾಪ್ ಇರಬೇಕು. 1960ರ ದಶಕದಿಂದ ಬಳಕೆಯಲ್ಲಿರುವ ನಂಬಿಕೆಯ ವಿಧಾನ ಅದು. ಒಳಗೆ ತೆಳು ಲೋಹದ ಚಿಪ್ಪು. ಲೋಹದ ಕಪ್ಪು ಹೊರಗೆ ಕಾಣಬಾರದು ಎಂದು ಅದರ ಮೇಲೆ ದಟ್ಟ ಬಿಳಿ ಪದರ. ಅದರ ಮೇಲೆ ಪಿಂಗಾಣಿ. ಹಾಕಿದಾಗ ಲೋಹದ ಅಂಚು ವಸಡಿನ ಒಳಗೆ ಅಡಗಿತ್ತು. 12 ವರ್ಷದಲ್ಲಿ ವಸಡು ಸ್ವಲ್ಪ ಮೇಲೆ ಸರಿಯಿತು, ಅಂಚು ಹೊರಗೆ ಬಂತು. ದವಡೆ ಹಲ್ಲಿಗೆ ನಾನು ಈಗಲೂ ಇದೇ ಕ್ಯಾಪ್ ಹಾಕುತ್ತೇನೆ. ಗಟ್ಟಿ, ಬಾಳಿಕೆ ಚೆನ್ನಾಗಿದೆ. ಮುಂದಿನ ಹಲ್ಲಿಗೆ ಮಾತ್ರ ಅದರ ತೊಂದರೆ ಎದ್ದು ಕಾಣುತ್ತದೆ.

ಸುಣ್ಣ ಬಳಿದ ಹಾಗೆ ಕಾಣುವುದಕ್ಕೂ ಆ ದಟ್ಟ ಪದರವೇ ಕಾರಣ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ನಡುವೆ ಒಂದೆರಡು ಗಾಜಿನ ಹಂಚು ಇರುತ್ತವೆ ಅಲ್ವಾ? ಬೆಳಕು ಅವುಗಳೊಳಗೆ ಇಳಿದು ಮನೆಯೊಳಗೆ ಹರಡುತ್ತದೆ. ಸ್ವಂತ ಹಲ್ಲೂ ಹಾಗೇ. ಮೇಲಿನ ಎನಾಮಲ್ ಪದರ ಬೆಳಕನ್ನು ಒಳಗೆ ಬಿಡುತ್ತದೆ. ಒಳಗಿನ ಹಳದಿ ಡೆಂಟಿನ್ ಅದನ್ನು ಚದುರಿಸಿ ವಾಪಸ್ ಕಳಿಸುತ್ತದೆ. ಸ್ವಲ್ಪ ಬೆಳಕು ಬೇರಿನ ಕಡೆಗೂ ಹೋಗಿ ವಸಡನ್ನು ಗುಲಾಬಿಯಾಗಿ ಕಾಣಿಸುತ್ತದೆ. ಲೋಹದ ಕ್ಯಾಪಿನಲ್ಲಿ ಬೆಳಕು ಬಿಳಿ ಪದರಕ್ಕೆ ಬಡಿದು ತಿರುಗುತ್ತದೆ, ಗೋಡೆಗೆ ಬಡಿದ ಹಾಗೆ. ಅದಕ್ಕೇ ಹಲ್ಲು ಬೆಳ್ಳಗೆ, ಆದರೆ ಜೀವ ಇಲ್ಲದ ಹಾಗೆ. ವಸಡಿನ ಅಂಚಿನಲ್ಲಿ ಬೂದು ನೆರಳು.

ಈಗ ಜಿರ್ಕೋನಿಯಾ, ಅಂದರೆ ಲೋಹವಿಲ್ಲದ ಗಟ್ಟಿ ಬಿಳಿ ಸೆರಾಮಿಕ್. ಈ ಹೆಸರು ಕೇಳಿಕೊಂಡೇ ಜಾಸ್ತಿ ಜನ ಬರುತ್ತಾರೆ. ಒಂದು ವಿಷಯ ತಿಳಿದಿರಲಿ, ಜಿರ್ಕೋನಿಯಾ ಒಂದೇ ಬಗೆಯದಲ್ಲ. ಅದಕ್ಕೆ ಯಿಟ್ರಿಯಾ ಎಂಬ ಇನ್ನೊಂದು ಆಕ್ಸೈಡ್ ಬೆರೆಸುತ್ತಾರೆ. ಯಿಟ್ರಿಯಾ ಕಡಿಮೆ ಇರುವ ಬಗೆ ಬಹಳ ಗಟ್ಟಿ, 1000 ಮೆಗಾಪ್ಯಾಸ್ಕಲ್‌ಗೂ (ಬಲ ಅಳೆಯುವ ಮಾನ) ಮೇಲೆ. ಆದರೆ ಬೆಳಕು ಒಳಗೆ ಹೋಗುವುದು ಕಡಿಮೆ. ಯಿಟ್ರಿಯಾ ಜಾಸ್ತಿ ಇರುವ ಬಗೆಯಲ್ಲಿ ಬೆಳಕು ಹೆಚ್ಚು ಹಾಯುತ್ತದೆ, ಗಟ್ಟಿತನ ಇಳಿಯುತ್ತದೆ. ಲಿಥಿಯಂ ಡೈಸಿಲಿಕೇಟ್ ಎಂಬ ಇನ್ನೊಂದು ಗಾಜಿನ ಪಿಂಗಾಣಿ ಇದೆ. ಇ-ಮ್ಯಾಕ್ಸ್ ಎಂಬ ಹೆಸರಿನಲ್ಲಿ ಅದು ಹೆಚ್ಚು ಪರಿಚಿತ. ಅದರ ಬಲ ಸುಮಾರು 400 ಮೆಗಾಪ್ಯಾಸ್ಕಲ್. ಆದರೆ ನೋಟಕ್ಕೆ ಸ್ವಂತ ಹಲ್ಲಿಗೆ ತೀರಾ ಹತ್ತಿರ. ಒಂಟಿ ಮುಂದಿನ ಹಲ್ಲಿಗೆ ನನ್ನ ಕೈ ಮೊದಲು ಹೋಗುವುದು ಇದಕ್ಕೇ.

ನಿಮ್ಮ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ರೂಟ್ ಕೆನಾಲ್ ಆದ ಹಲ್ಲು ಹಲವು ವರ್ಷದಲ್ಲಿ ಕಂದು ಅಥವಾ ಬೂದು ಬಣ್ಣಕ್ಕೆ ತಿರುಗುವುದು ಸಾಮಾನ್ಯ. ಒಳಗೆ ಲೋಹದ ಪೋಸ್ಟ್, ಅಂದರೆ ಬೇರಿನೊಳಗೆ ಕೂರಿಸಿದ ಕಡ್ಡಿ ಇದ್ದರೆ ಇನ್ನೂ ಕಪ್ಪು. ಅಂಥ ಬುಡದ ಮೇಲೆ ಪೂರಾ ಪಾರದರ್ಶಕ ಕ್ಯಾಪ್ ಕೂರಿಸಿದರೆ ಕಪ್ಪು ಹೊರಗೆ ಇಣುಕುತ್ತದೆ. ಪೂರಾ ದಟ್ಟ ಕ್ಯಾಪ್ ಹಾಕಿದರೆ ಮತ್ತೆ ಸುಣ್ಣದ ಗೋಡೆ. ನಡುವಿನ ದಾರಿ ಇದೆ. ಒಳಗೆ ಕಪ್ಪು ಮುಚ್ಚುವಷ್ಟು ದಟ್ಟವಾದ ತೆಳು ಚಿಪ್ಪು, ಜಿರ್ಕೋನಿಯಾ ಆಗಬಹುದು, ಲಿಥಿಯಂ ಡೈಸಿಲಿಕೇಟಿನ ದಟ್ಟ ಬಗೆಯೂ ಆಗಬಹುದು. ಅದರ ಮೇಲೆ ಕೈಯಿಂದ ಪದರ ಪದರವಾಗಿ ಪಿಂಗಾಣಿ ಕಟ್ಟುವುದು. ಇದಕ್ಕೆ ಜಾಗ ಬೇಕು. ಮುಂಭಾಗದಲ್ಲಿ ಸುಮಾರು ಒಂದೂವರೆ ಮಿಲಿಮೀಟರ್. ಹಲ್ಲನ್ನು ಅಷ್ಟು ಸವರದೆ ಅಳತೆ ಕಳಿಸಿದರೆ ಲ್ಯಾಬಿನವರ ಮುಂದೆ ಎರಡೇ ದಾರಿ. ಕ್ಯಾಪ್ ದಪ್ಪ ಮಾಡಬೇಕು, ಇಲ್ಲವೇ ತೆಳು ಮಾಡಿ ಕಪ್ಪು ಕಾಣಲು ಬಿಡಬೇಕು. ಹೊರಗೆ ಉಬ್ಬಿದ ಹಾಗೆ ಕಾಣುವ ಕ್ಯಾಪುಗಳಲ್ಲಿ ಬಹಳಷ್ಟರ ಹಿಂದೆ ಈ ಜಾಗದ ಕೊರತೆಯೇ ಇರುತ್ತದೆ. ಹಳೆಯ ಕ್ಯಾಪ್ ಕತ್ತರಿಸಿ ತೆಗೆದ ದಿನ, ಒಳಗಿನ ಬುಡದ ಬಣ್ಣದ ಫೋಟೋ ತೆಗೆದು ಲ್ಯಾಬಿಗೆ ಕಳಿಸಲು ನಿಮ್ಮ ಡಾಕ್ಟರಿಗೆ ಹೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಡಾಕ್ಟರು ಖುಷಿಪಡುತ್ತಾರೆ.

ಇನ್ನೊಂದು ನಿಜ ಹೇಳಬೇಕು. ವಸಡು ತೆಳುವಾಗಿದ್ದು ಬೇರೇ ಕಪ್ಪಾಗಿದ್ದರೆ, ಎಷ್ಟು ಒಳ್ಳೆಯ ಕ್ಯಾಪ್ ಹಾಕಿದರೂ ಬುಡದಲ್ಲಿ ಸಣ್ಣ ನೆರಳು ಉಳಿಯಬಹುದು. ಬೇರಿನ ಒಳಗಿನಿಂದ ಬ್ಲೀಚ್ ಮಾಡಿ ಅದನ್ನು ತಿಳಿಗೊಳಿಸಬಹುದು, ಪೋಸ್ಟ್ ಇಲ್ಲದಿದ್ದರೆ ಮಾತ್ರ. ಗೆರೆ ಅಡಗಿಸಲು ಕ್ಯಾಪನ್ನು ವಸಡಿನೊಳಗೆ ಆಳಕ್ಕೆ ತಳ್ಳುವುದು ಬೇಡ. ಅರ್ಧ ಮಿಲಿಮೀಟರ್ ಸಾಕು. ಅದಕ್ಕಿಂತ ಆಳ ಹೋದರೆ ವಸಡು ಸದಾ ಕೆಂಪಗೆ ಊದಿಕೊಂಡಿರುತ್ತದೆ, ಹಲ್ಲುಜ್ಜಿದಾಗ ರಕ್ತ ಬರುತ್ತದೆ. ಕೆಂಪು ವಸಡಿನ ನಡುವೆ ಕೂತ ಕ್ಯಾಪು ಎಷ್ಟು ಚೆಂದ ಇದ್ದರೂ ನಕಲಿ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಬಣ್ಣದ ವಿಷಯಕ್ಕೆ ಬರೋಣ. ಇದರ ಬಗ್ಗೆ ನನಗೆ ಹೇಳಲು ಬಹಳ ಇದೆ.

ಡಾಕ್ಟರ ಹತ್ತಿರ ಸಣ್ಣ ಸಣ್ಣ ಹಲ್ಲು ಜೋಡಿಸಿದ ಶೇಡ್ ಗೈಡ್ ನೋಡಿರುತ್ತೀರಿ. ಜಾಸ್ತಿ ಬಳಕೆಯಲ್ಲಿರುವುದು ವಿಟಾ ಕಂಪನಿಯದು. ಎ1ರಿಂದ ಡಿ4ರವರೆಗೆ 16 ಬಣ್ಣ. ಎ ಸಾಲು ಕೆಂಪು ಮಿಶ್ರಿತ ಕಂದು, ಬಿ ಕೆಂಪು ಮಿಶ್ರಿತ ಹಳದಿ, ಸಿ ಬೂದು, ಡಿ ಕೆಂಪು ಮಿಶ್ರಿತ ಬೂದು. ಅಂಕಿ ಏರಿದ ಹಾಗೆ ಬಣ್ಣ ಗಾಢವಾಗುತ್ತದೆ. ಆದರೆ ಕಣ್ಣು ಮೊದಲು ಹಿಡಿಯುವುದು ಈ ಕೆಂಪು ಹಳದಿಯ ವ್ಯತ್ಯಾಸವನ್ನಲ್ಲ. ಎಷ್ಟು ತಿಳಿ, ಎಷ್ಟು ಕಪ್ಪು ಎನ್ನುವುದನ್ನು. ತಿಳಿ ಕಪ್ಪಿನ ಪ್ರಮಾಣ ಸರಿಯಾಗಿ ಕೂತರೆ ಹಳದಿ ಚೂರು ಆಚೀಚೆ ಆದರೂ ಯಾರಿಗೂ ತಿಳಿಯುವುದಿಲ್ಲ. ಅದು ತಪ್ಪಿದರೆ ರಸ್ತೆಯ ಆಚೆ ಬದಿಯಿಂದಲೂ ಗೊತ್ತಾಗುತ್ತದೆ. ನೀವೇ ಪರೀಕ್ಷೆ ಮಾಡಬಹುದು. ಶೇಡಿನ ತುಂಡನ್ನು ನಿಮ್ಮ ಎಡ ಹಲ್ಲಿನ ಪಕ್ಕ ಹಿಡಿಸಿ ಮೊಬೈಲಿನಲ್ಲಿ ಫೋಟೋ ತೆಗೆಸಿ. ಅದನ್ನು ಕಪ್ಪು ಬಿಳುಪು ಮಾಡಿ ನೋಡಿ. ಎರಡೂ ಒಂದೇ ಬೂದು ಕಂಡರೆ ಸರಿ ಇದೆ.

ಶೇಡ್ ನೋಡಲು ಹೊತ್ತು ಗೊತ್ತು ಇದೆ. ಕುರ್ಚಿಯಲ್ಲಿ ಕೂತ ಮೊದಲ ನಿಮಿಷಗಳಲ್ಲೇ ನೋಡಬೇಕು. ಬಾಯಿ ತೆರೆದಿಟ್ಟು, ಗಾಳಿ ಬಿಟ್ಟು, ಹತ್ತಿ ಇಟ್ಟು ಕೆಲಸ ಮಾಡಿದ ಮೇಲೆ ಹಲ್ಲಿನ ತೇವ ಆರುತ್ತದೆ. ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಆಗ ಆರಿಸಿದ ಬಣ್ಣದ ಕ್ಯಾಪ್ ಒಂದು ವಾರ ಬಿಟ್ಟು ಬಂದಾಗ ಪಕ್ಕದ ಹಲ್ಲಿಗಿಂತ ಬೆಳ್ಳಗಾಗಿರುತ್ತದೆ. ಪ್ರಾಕ್ಟೀಸ್ ಶುರು ಮಾಡಿದ ವರ್ಷ ನಾನೇ ಈ ತಪ್ಪು ಮಾಡಿದ್ದೆ. ಸಂಜೆ, ಟ್ಯೂಬ್‌ಲೈಟಿನ ಕೆಳಗೆ, ಹಲ್ಲು ಸವರಿ ಮುಗಿಸಿದ ಮೇಲೆ ಶೇಡ್ ನೋಡಿದೆ. ಬೈತಖೋಲದ ಕಡೆಯ ಒಬ್ಬ ಹುಡುಗಿಯ ಕ್ಯಾಪ್ ಅದು. ಕ್ಲಿನಿಕ್ಕಿನ ಒಳಗೆ ಹೊಂದಿತ್ತು. ಹೊರಗೆ ಬಿಸಿಲಿಗೆ ಹೋದ ಕೂಡಲೇ ಅವಳ ಅಮ್ಮ ವಾಪಸ್ ಕರೆದುಕೊಂಡು ಬಂದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಹೊಸದಾಗಿ ಮಾಡಿಕೊಟ್ಟೆ. ಅಂದಿನಿಂದ ಶೇಡ್ ನೋಡುವುದು ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ, ಕಿಟಕಿಯ ಬೆಳಕಿನಲ್ಲಿ, ನೇರ ಬಿಸಿಲಿಲ್ಲದ ಕಡೆ.

ಒಂದೇ ಬೆಳಕಿನಲ್ಲಿ ಹೊಂದಿದ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆ ಕಾಣಬಹುದು. ಅಂಗಡಿಯಲ್ಲಿ ಸೀರೆಗೆ ಹೊಂದಿದ ರವಿಕೆ ಬಟ್ಟೆ ಮನೆಗೆ ಬಂದು ನೋಡಿದರೆ ಹೊಂದದೇ ಹೋಗುತ್ತದಲ್ಲ, ಅದೇ. ಹಾಗಾಗಿ ಕಿಟಕಿ ಬೆಳಕು, ಬಲ್ಬು, ಮೊಬೈಲ್ ಫ್ಲ್ಯಾಶ್, ಮೂರರಲ್ಲೂ ನೋಡಬೇಕು. ನಮ್ಮ ಕರಾವಳಿಯ ಜೂನ್, ಜುಲೈ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ ಕವಿಯುತ್ತದೆ. ಅಂಥ ದಿನ ಮುಂದಿನ ಹಲ್ಲಿನ ಶೇಡ್ ನೋಡುವುದನ್ನೇ ನಾನು ಮುಂದೆ ಹಾಕುತ್ತೇನೆ. ಆ ದಿನ ಲಿಪ್‌ಸ್ಟಿಕ್ ಬೇಡ, ಗಾಢ ಬಣ್ಣದ ಸೀರೆ ಬೇಡ. ಉಟ್ಟಿದ್ದರೂ ಚಿಂತೆಯಿಲ್ಲ, ಕೊರಳಿನಿಂದ ಕೆಳಗೆ ಬೂದು ಬಟ್ಟೆ ಹೊದಿಸಲು ಹೇಳಿ. ಒಂದು ಶೇಡನ್ನು ಐದಾರು ಸೆಕೆಂಡಿಗಿಂತ ಜಾಸ್ತಿ ದಿಟ್ಟಿಸಿ ನೋಡಬಾರದು. ಕಣ್ಣು ಸೋಲುತ್ತದೆ, ಎಲ್ಲವೂ ಒಂದೇ ಕಾಣತೊಡಗುತ್ತದೆ.

ಬೆಳ್ಳಗಿರುವುದನ್ನು ಆರಿಸಲೇ ಎಂದು ಕೇಳಿದ್ದೀರಿ. ಬೇಡ. ಕ್ಯಾಪಿನ ಬಣ್ಣ ನಿಮ್ಮ ಆಸೆಯನ್ನಲ್ಲ, ಎಡಗಡೆಯ ಹಲ್ಲನ್ನು ಕೇಳಬೇಕು. ನಿಮಗೆ ಎಲ್ಲ ಹಲ್ಲೂ ತಿಳಿಯಾಗಬೇಕು ಎಂಬ ಮನಸ್ಸಿದ್ದರೆ ಅದಕ್ಕೂ ದಾರಿ ಇದೆ. ಮೊದಲು ಉಳಿದ ಹಲ್ಲುಗಳಿಗೆ ಬ್ಲೀಚಿಂಗ್ ಮಾಡಿಸಿ. ಎರಡು ವಾರ ಬಿಡಿ, ಬಣ್ಣ ಒಂದು ಕಡೆ ನಿಲ್ಲಲಿ. ಆಮೇಲೆ ಶೇಡ್ ನೋಡಿಸಿ. ಕ್ಯಾಪ್ ಹಾಕಿದ ಮೇಲೆ ಬ್ಲೀಚ್ ಮಾಡಿದರೆ ಸ್ವಂತ ಹಲ್ಲು ಮಾತ್ರ ಬೆಳ್ಳಗಾಗುತ್ತದೆ, ಪಿಂಗಾಣಿ ಹಾಗೇ ಉಳಿಯುತ್ತದೆ. ಕವಳ (ಎಲೆ ಅಡಿಕೆ) ಹಾಕುವ ರೂಢಿ ಇದ್ದರೆ ಇದರ ಉಲ್ಟಾ ಆಗುತ್ತದೆ. ಸ್ವಂತ ಹಲ್ಲು ಕೆಂಪು ಕಂದು ಆಗುತ್ತ ಹೋಗುತ್ತದೆ, ಪಿಂಗಾಣಿ ಅಷ್ಟು ಬೇಗ ಕಲೆ ಹಿಡಿಯುವುದಿಲ್ಲ. ಅಡಿಕೆಯ ಊರಿನಲ್ಲಿದ್ದು ಇದನ್ನು ಹೇಳುವುದು ನನಗೂ ಕಷ್ಟ. ಆದರೆ ವರ್ಷಕ್ಕೊಮ್ಮೆ ಕ್ಲೀನಿಂಗ್ ಮಾಡಿಸದಿದ್ದರೆ ಎರಡರ ನಡುವೆ ಅಂತರ ಬಿದ್ದೇ ಬೀಳುತ್ತದೆ. ಕವಳ ಬಾಯಿಯ ಕ್ಯಾನ್ಸರಿಗೂ ಕಾರಣ. ಬಿಡುವ ಯೋಚನೆ ಇದ್ದರೆ ಇದೇ ಒಳ್ಳೆಯ ಹೊತ್ತು.

ಒಂದು ಹಲ್ಲಿನಲ್ಲೇ ಒಂದೇ ಬಣ್ಣ ಇರುವುದಿಲ್ಲ ಎನ್ನುವುದನ್ನೂ ನೋಡಿ. ನಾಳೆ ಬೆಳಿಗ್ಗೆ ಕನ್ನಡಿ ಹಿಡಿದು ಕಿಟಕಿ ಹತ್ತಿರ ನಿಲ್ಲಿ. ನಿಮ್ಮ ಎಡ ಹಲ್ಲಿನ ಬುಡ ಹಳದಿ ಇರುತ್ತದೆ. ನಡುವೆ ತಿಳಿ. ತುದಿಯ ಅಂಚು ಎಳನೀರಿನ ತೆಳು ಗಂಜಿಯ ಹಾಗೆ, ಹಿಂದೆ ಬೆರಳು ಹಿಡಿದರೆ ನೆರಳು ಕಾಣುವಷ್ಟು ಪಾರದರ್ಶಕ, ಚೂರು ನೀಲಿ. 46ರ ವಯಸ್ಸಿಗೆ ತುದಿ ಸ್ವಲ್ಪ ಸವೆದಿರುತ್ತದೆ. ಕೂದಲಿನಷ್ಟು ತೆಳು ಉದ್ದ ಗೆರೆಗಳು ಒಂದೆರಡು ಇರಬಹುದು. ಎಲ್ಲೋ ಒಂದು ಬಿಳಿ ಚುಕ್ಕೆ. ಮೇಲ್ಮೈ ಗಾಜಿನ ಹಾಗೆ ನುಣುಪಾಗಿರದೆ ಸಣ್ಣ ಏರಿಳಿತ ಇರುತ್ತದೆ. ಇವೆಲ್ಲ ಕುಂದು ಎಂದು ನಮಗೆ ಅನ್ನಿಸುತ್ತದೆ. ಕ್ಯಾಪಿನಲ್ಲಿ ಇವು ಇಲ್ಲದಿದ್ದರೆ ಅದೇ ನಕಲಿಯ ಗುರುತು. ಇಪ್ಪತ್ತರ ಹುಡುಗಿಯ ಹಲ್ಲು 46ರ ಬಾಯಲ್ಲಿ ಕೂತ ಹಾಗೆ. ಆದ್ದರಿಂದ ಲ್ಯಾಬಿಗೆ ಬರೀ ಎ3 ಎಂದು ಬರೆದು ಕಳಿಸಿದರೆ ಸಾಲದು. ಎಡ ಹಲ್ಲಿನ ಹತ್ತಿರದ ಫೋಟೋ ಬೇಕು, ಶೇಡಿನ ತುಂಡು ಪಕ್ಕದಲ್ಲೇ ಇರುವ ಹಾಗೆ, ನೇರದಿಂದ ಒಂದು, ಬದಿಯಿಂದ ಒಂದು. ನನ್ನನ್ನು ಕೇಳಿದರೆ, ನಿಮ್ಮಂಥ ಹಲ್ಲಿಗೆ ಲ್ಯಾಬಿನ ಟೆಕ್ನೀಶಿಯನ್ ನಿಮ್ಮನ್ನೇ ಕಣ್ಣಾರೆ ನೋಡುವುದು ಒಳ್ಳೆಯದು. ನಿಮ್ಮ ಡಾಕ್ಟರ ಕೆಲಸ ಹುಬ್ಬಳ್ಳಿಯ ಲ್ಯಾಬಿಗೆ ಹೋಗುತ್ತಿದ್ದರೆ ಒಂದು ದಿನ ಹೋಗಿಬನ್ನಿ. ಶಿರಸಿಯಿಂದ ಸುಮಾರು 100 ಕಿಲೋಮೀಟರ್. ಆ ಒಂದು ಪ್ರಯಾಣ ಎರಡು ಸಲ ಕ್ಯಾಪ್ ವಾಪಸ್ ಕಳಿಸುವುದನ್ನು ತಪ್ಪಿಸುತ್ತದೆ.

ಆಕಾರವೂ ಮುಖ್ಯ, ಅದನ್ನು ಚುಟುಕಾಗಿ ಹೇಳುತ್ತೇನೆ. ಹಲ್ಲಿನ ಮುಂಭಾಗ ಎರಡೂ ಬದಿಗೆ ತಿರುಗುವ ಕಡೆ ಒಂದೊಂದು ಏಣು ಇರುತ್ತದೆ. ಬೆಳಕು ಹೊಳೆಯುವುದು ಈ ಏಣುಗಳ ನಡುವಿನ ಭಾಗದಲ್ಲಿ. ನಿಮ್ಮ ಬಲ ಹಲ್ಲಿನ ಜಾಗ ಎಡದ್ದಕ್ಕಿಂತ ಅಗಲವಾಗಿದ್ದರೂ, ಏಣುಗಳನ್ನು ಒಳಗೆ ತಂದರೆ ಹಲ್ಲು ಕಿರಿದಾಗಿ ಕಾಣುತ್ತದೆ. ಒಳ್ಳೆಯ ಟೆಕ್ನೀಶಿಯನ್ನರ ಕೈಚಳಕ ಇಲ್ಲೇ ಇರುವುದು.

ಇನ್ನು ಬ್ರಿಜ್. ಮೂರೂ ಹಲ್ಲನ್ನು ಒಂದಕ್ಕೊಂದು ಬೆಸೆದು ಮಾಡುವುದೇ ಸಾಮಾನ್ಯ ಪದ್ಧತಿ, ತಪ್ಪಲ್ಲ. ಆದರೆ ಬೆಸೆದ ಕಡೆ ಹಲ್ಲುಗಳ ನಡುವಿನ ಆಳದ ಸಂದು ಮುಚ್ಚಿಹೋಗುತ್ತದೆ. ಮೂರು ಹಲ್ಲು ಒಂದೇ ಹಲಗೆಯ ಹಾಗೆ ಕಾಣುವ ಅಪಾಯ ಇದೆ. ನಿಮ್ಮದರಲ್ಲಿ ಹೋಗುವುದು ಚಿಕ್ಕ ಹಲ್ಲು, ಅದರ ಮೇಲೆ ಜಗಿಯುವ ಭಾರ ಕಡಿಮೆ. ಕೋರೆಹಲ್ಲಿನ ಬೇರು ಉದ್ದ, ಗಟ್ಟಿ. ಹಾಗಾಗಿ ಚಿಕ್ಕ ಹಲ್ಲನ್ನು ಕೋರೆಹಲ್ಲೊಂದರಿಂದಲೇ ತೂಗಿಬಿಟ್ಟು, ಮುಂದಿನ ಹಲ್ಲಿಗೆ ಪ್ರತ್ಯೇಕ ಕ್ಯಾಪ್ ಮಾಡಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಹಲ್ಲು ಕಚ್ಚುವ ರೀತಿ ಸರಿಯಿದ್ದರೆ ಇದು ಒಪ್ಪಿತವಾದ ವಿಧಾನವೇ. ಮುಂದಿನ ಹಲ್ಲು ಬಿಡಿಯಾಗಿದ್ದರೆ ಅದನ್ನು ಜೋಡಿಗೆ ಹೊಂದಿಸುವುದು ಬೆಸೆದ ಹಲ್ಲನ್ನು ಹೊಂದಿಸುವುದಕ್ಕಿಂತ ಸುಲಭ. ನಾಳೆ ಅದೊಂದೇ ಕೆಟ್ಟರೂ ಅದೊಂದನ್ನೇ ಬದಲಿಸಬಹುದು. ಎಲುಬು ಚೆನ್ನಾಗಿದ್ದರೆ ಇಂಪ್ಲಾಂಟೂ (ಎಲುಬಿನಲ್ಲಿ ಕೂರಿಸುವ ಕೃತಕ ಬೇರು) ಒಂದು ದಾರಿ, ಆಗ ಕೋರೆಹಲ್ಲನ್ನು ಮುಟ್ಟುವುದೇ ಬೇಡ. ಯಾವುದೇ ಮಾಡಿ, ಮೂರಕ್ಕೂ ಒಂದೇ ಶೇಡ್ ಬೇಡ. ಕೋರೆಹಲ್ಲು ಸ್ವಭಾವತಃ ಮುಂದಿನ ಹಲ್ಲಿಗಿಂತ ಹಳದಿ, ಗಾಢ. ನಿಮ್ಮ ಎಡಗಡೆಯ ಕೋರೆಹಲ್ಲು ನೋಡಿ, ಗೊತ್ತಾಗುತ್ತದೆ.

ಹಲ್ಲು ತೆಗೆದ ಜಾಗದ ವಸಡಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಹಲ್ಲು ಹೋದ ಮೇಲೆ ಅಲ್ಲಿನ ಎಲುಬು ಕುಗ್ಗುತ್ತದೆ. ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ. ಒಂದು ವರ್ಷದಲ್ಲಿ ಎಲುಬಿನ ದಿಬ್ಬದ ಅಗಲ ಅರ್ಧದಷ್ಟು ಇಳಿಯಬಹುದು. ಹಲ್ಲು ತೆಗೆದ ಎರಡೇ ವಾರಕ್ಕೆ ಅಳತೆ ಕೊಟ್ಟು ಬ್ರಿಜ್ ಕೂರಿಸಿದರೆ, ಆರು ತಿಂಗಳಲ್ಲಿ ಹಲ್ಲಿನ ಕೆಳಗೆ ಸಂದಿ ಬಿದ್ದು ಕಪ್ಪಾಗಿ ಕಾಣುತ್ತದೆ. ಅನ್ನದ ಅಗಳು ಸಿಕ್ಕಿಕೊಳ್ಳುತ್ತದೆ. ಮಾತಾಡುವಾಗ ಗಾಳಿ ಹೋಗುತ್ತದೆ. ಪಾಠ ಮಾಡುವ ನಿಮಗೆ ಅದು ದೊಡ್ಡ ಕಿರಿಕಿರಿ. ಹಲ್ಲನ್ನು ಮೆಲ್ಲಗೆ, ಎಲುಬು ಒಡೆಯದ ಹಾಗೆ ತೆಗೆಯಬೇಕು. ಅದೇ ದಿನ ಟೆಂಪರರಿ ಬ್ರಿಜ್ ಕೂರಿಸಬೇಕು. ಅದರ ತಳ ಮೊಟ್ಟೆಯ ತುದಿಯ ಹಾಗೆ ಉರುಟಾಗಿದ್ದು ವಸಡನ್ನು ಮೆತ್ತಗೆ ಒತ್ತಿರಬೇಕು. ಆಗ ವಸಡು ಅದರ ಸುತ್ತ ಗುಳಿಯಾಗಿ ಮಾಗುತ್ತದೆ. ಕೊನೆಯ ಹಲ್ಲು ಅದೇ ಗುಳಿಯಲ್ಲಿ ಕೂತಾಗ ವಸಡಿನಿಂದಲೇ ಹುಟ್ಟಿದ ಹಾಗೆ ಕಾಣುತ್ತದೆ. ಇದಕ್ಕೆ ಎರಡು ಮೂರು ತಿಂಗಳು ಬೇಕು.

ಅಂದರೆ ಜಾತ್ರೆಗೆ ಕೊನೆಯ ಬ್ರಿಜ್ ಆಗುವುದಿಲ್ಲ. ಆದರೆ ಬೇಜಾರು ಬೇಡ. ಚೆನ್ನಾಗಿ ಮಾಡಿದ ಟೆಂಪರರಿ ಹಾಕಿಕೊಂಡು ಜಾತ್ರೆ ಮಾಡಬಹುದು, ಕಪ್ಪು ಗೆರೆಯೂ ಆಗಲೇ ಹೋಗಿರುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಟೆಂಪರರಿಯಲ್ಲೇ ಉದ್ದ, ಆಕಾರ ಎಲ್ಲ ಪರೀಕ್ಷೆ ಮಾಡಿಕೊಳ್ಳಬಹುದು. ಫೋನು, ಆಫೀಸು ಎಂದು ಹೇಳಿ ನೋಡಿ. ಮೇಲಿನ ಹಲ್ಲಿನ ತುದಿ ಕೆಳತುಟಿಯ ಒದ್ದೆ ಗೆರೆಗೆ ಮೆಲ್ಲಗೆ ತಾಗಬೇಕು. ತುಟಿಗೆ ಒತ್ತಿದರೆ ಹಲ್ಲು ಉದ್ದವಾಗಿದೆ. ಸಾಸಿವೆ, ಶಿರಸಿ ಎನ್ನುವಾಗ ಸಿಳ್ಳೆ ಬಂದರೆ ಅದನ್ನೂ ಹೇಳಿ. ಒಂದು ವಾರ ಪಾಠ ಮಾಡಿ, ನಿಮಗೇ ತಿಳಿಯುತ್ತದೆ. ಪ್ಲಾಸ್ಟಿಕ್ ಆದ್ದರಿಂದ ಅಲ್ಲೇ ಉಜ್ಜಿ ಸರಿ ಮಾಡಬಹುದು. ನಿಮಗೆ ಒಪ್ಪಿಗೆಯಾದ ಆ ಆಕಾರವನ್ನೇ ಲ್ಯಾಬಿನವರು ಪಿಂಗಾಣಿಯಲ್ಲಿ ನಕಲು ಮಾಡಲಿ.

ಕ್ಯಾಪ್ ಬಂದ ದಿನ ನೇರ ಸಿಮೆಂಟ್ ಹಾಕಿಸಿಕೊಳ್ಳಬೇಡಿ. ಕೊನೆಯ ಹೊಳಪು ಕೊಡುವ ಮೊದಲೇ ಒಂದು ಟ್ರಯಲ್ ಕೇಳಿ, ಆಗ ತಿದ್ದಲು ಸುಲಭ. ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕ್ಯಾಪ್ ಕೂರಿಸಿಕೊಂಡು, ಕನ್ನಡಿ ಹಿಡಿದು ಕ್ಲಿನಿಕ್ಕಿನ ಬಾಗಿಲ ಹತ್ತಿರ ಬನ್ನಿ. ಒಂದು ಕೈ ದೂರದಿಂದ ನೋಡಿ, ಮಾತಾಡಿ, ನಗಿ. ಮನಸ್ಸಿಗೆ ಬರದಿದ್ದರೆ ಬರಲಿಲ್ಲ ಎಂದು ಹೇಳಿ. ಡಾಕ್ಟರಿಗೆ ಬೇಜಾರಾಗುತ್ತದೆ ಎಂದು ಸುಮ್ನೆ ತಲೆ ಆಡಿಸಬೇಡಿ. ಸಿಮೆಂಟ್ ಗಟ್ಟಿಯಾದ ಮೇಲೆ ತೆಗೆಯಬೇಕೆಂದರೆ ಒಡೆದೇ ತೆಗೆಯಬೇಕು.

ಆಮೇಲೆ ದಿನಾ ರಾತ್ರಿ ತೂಗಿದ ಹಲ್ಲಿನ ಕೆಳಗೆ ಸೂಪರ್ ಫ್ಲಾಸ್ ಎಂಬ ಹಲ್ಲು ಸ್ವಚ್ಛ ಮಾಡುವ ದಪ್ಪ ದಾರ ಎಳೆಯಿರಿ. ಏಡಿ ಕಾಲನ್ನು ಮುಂದಿನ ಹಲ್ಲಲ್ಲಿ ಒಡೆಯಬೇಡಿ. ಅಡಿಕೆಯನ್ನೂ ಬೇಡ. ನಿಮ್ಮ ಊರಿನಲ್ಲಿ ಈ ಕೆಲಸ ಕಷ್ಟ ಎಂದು ಡಾಕ್ಟರೇ ಹೇಳಿದರೆ, ಪ್ರೊಸ್ತೊಡಾಂಟಿಸ್ಟ್, ಅಂದರೆ ಕ್ಯಾಪ್, ಬ್ರಿಜ್ ಕೆಲಸದ ತಜ್ಞರ ಹತ್ತಿರ ಕಳಿಸಿಕೊಡಲು ಕೇಳಿ. ಧಾರವಾಡದ ಡೆಂಟಲ್ ಕಾಲೇಜಿನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ.

ಮನೆಯಲ್ಲಿ ಹಳೆಯ ಫೋಟೋ ಹುಡುಕಿ. ಮದುವೆಯದೋ, ಟಿಸಿಎಚ್ ಓದುವಾಗಿನದೋ, ಹಲ್ಲು ಕಾಣುವ ಹಾಗೆ ನಕ್ಕಿದ್ದು ಒಂದಾದರೂ ಸಿಗಬಹುದು. ಆ ಬಲ ಹಲ್ಲು ಮೊದಲು ಹೇಗಿತ್ತು, ಚೂರು ತಿರುಗಿತ್ತೇ, ಚಿಕ್ಕ ಹಲ್ಲು ಎಷ್ಟು ಗಿಡ್ಡ ಇತ್ತು ಎಂದು ಅದರಲ್ಲೇ ತಿಳಿಯುತ್ತದೆ. ಹಳೆಯ ಕ್ಯಾಪ್ ಕತ್ತರಿಸುವ ದಿನವೇ ಅದನ್ನು ಡಾಕ್ಟರ ಕೈಗೆ ಕೊಡಿ.